ನಿಮಗಿದು ಗೊತ್ತೆ? ನ್ಯೂಜಿಲೆಂಡಿನ ಹಾಲಿನ ಲೆಕ್ಕ

● ನ್ಯೂಜಿಲೆಂಡಿನ ಜನಸಂಖ್ಯೆ ಸುಮಾರು 50 ಲಕ್ಷ. ಹಾಲು ಕರೆಯುವ ಹಸುಗಳೂ ಹೆಚ್ಚುಕಡಿಮೆ ಅಷ್ಟೇ ಇವೆ! ಅಲ್ಲಿನ ಹಾಲಿನಲ್ಲಿ ಶೇ 90ಕ್ಕೂ ಹೆಚ್ಚು ಪಾಲು ಪುಡಿ, ಬೆಣ್ಣೆ, ಚೀಸ್ ಆಗಿ ಹಡಗು ಹತ್ತುತ್ತದೆ.

● ರೈತರಿಗೆ ದುಡ್ಡು ಸಿಗುವುದು ಲೀಟರಿಗಲ್ಲ. ಹಾಲಿನಲ್ಲಿರುವ ಕೊಬ್ಬು ಮತ್ತು ಪ್ರೋಟೀನಿನ ಕಿಲೋ ತೂಕಕ್ಕೆ.

● ಹಸುಗಳ ಮುಖ್ಯ ಮೇವು ಬಯಲಿನ ಹುಲ್ಲು. ಅದು ಚಿಗುರುವ ಹೊತ್ತಿಗೇ, ಜುಲೈನಿಂದ ಸೆಪ್ಟೆಂಬರ್ ನಡುವೆ, ಬಹುತೇಕ ಹಸುಗಳು ಕರು ಹಾಕುವಂತೆ ನೋಡಿಕೊಳ್ಳುತ್ತಾರೆ. ಮೇವಿನ ಖರ್ಚು ತಗ್ಗುವುದು ಹೀಗೆ. ಜೂನ್ ಚಳಿಯಲ್ಲಿ ಹೆಚ್ಚಿನ ಹಸುಗಳಿಗೆ ಕರಾವಿನಿಂದ ಬಿಡುವು.

● ಸ್ವಂತ ಜಮೀನಿಲ್ಲದವರೂ ಹೈನುಗಾರರಾಗಬಹುದು. ನಮ್ಮಲ್ಲಿ ಕೋರಿಗೆ ಹೊಲ ಮಾಡುವಂತೆ, ಅಲ್ಲಿ ಹಸು ಒಬ್ಬರದು, ಹುಲ್ಲುಗಾವಲು ಇನ್ನೊಬ್ಬರದು. ಹಾಲಿನ ಆದಾಯ ಸಾಮಾನ್ಯವಾಗಿ ಅರ್ಧರ್ಧ.

● 1984ರಲ್ಲಿ ಸರ್ಕಾರ ಕೃಷಿ ಸಬ್ಸಿಡಿಗಳಿಗೆ ಕತ್ತರಿ ಹಾಕತೊಡಗಿತು. ಅಲ್ಲಿಂದೀಚೆಗೆ ರೈತರ ಆದಾಯ ವಿಶ್ವ ಮಾರುಕಟ್ಟೆಯ ಏರಿಳಿತಕ್ಕೆ ನೇರವಾಗಿ ಅಂಟಿಕೊಂಡಿದೆ.

● ದೇಶದ ಅತಿ ದೊಡ್ಡ ಡೇರಿ ಸಂಸ್ಥೆ ಫಾಂಟೆರಾ ರೈತರದೇ ಸಹಕಾರ ಸಂಘ. ಹುಟ್ಟಿದ್ದು 2001ರಲ್ಲಿ. ಅದು 2008ರಲ್ಲಿ ಆರಂಭಿಸಿದ ‘ಗ್ಲೋಬಲ್ ಡೇರಿ ಟ್ರೇಡ್’ ಆನ್‌ಲೈನ್ ಹರಾಜಿನ ದರವನ್ನು ಜಗತ್ತಿನ ಹಾಲಿನಪುಡಿ ವ್ಯಾಪಾರಿಗಳೆಲ್ಲ ಗಮನಿಸುತ್ತಾರೆ.