ಉಸಿರನ್ನೇ ಧ್ಯಾನವಾಗಿಸುವ ಜಪಾನಿನ ಕೊಳಲು ಶಾಕುಹಾಚಿ

ಚಿನಕುರಳಿಯನ್ನು ಒಳಗೊಂಡ ಪಾಂಡವಪುರ ತಾಲ್ಲೂಕಿನಲ್ಲಿಯೇ ಹೊಸ ಕನ್ನಂಬಾಡಿಯ ವೇಣುಗೋಪಾಲಸ್ವಾಮಿ ದೇವಾಲಯವಿದೆ. ಕೃಷ್ಣರಾಜಸಾಗರದ ನೀರಿನಲ್ಲಿ ದಶಕಗಳ ಕಾಲ ಮುಳುಗಿದ್ದ ಈ ಹೊಯ್ಸಳ ಗುಡಿಯನ್ನು ಕಲ್ಲು ಕಲ್ಲಾಗಿ ಬಿಚ್ಚಿ, ಹಿನ್ನೀರಿನ ದಂಡೆಯಲ್ಲಿ ಮರಳಿ ಕಟ್ಟಲಾಯಿತು. ಕೊಳಲೆಂದರೆ ಕನ್ನಡಿಗರ ಕಣ್ಣಿಗೆ ಕಟ್ಟುವುದು ಇಂಥ ಗುಡಿಗಳ ವೇಣುಗೋಪಾಲನೇ. ಕೊಳಲನ್ನು ಅಡ್ಡಲಾಗಿ ಹಿಡಿದ ಭಂಗಿಯೇ. ಜಪಾನಿನಲ್ಲಿ ಬಿದಿರು ಬೇರೊಂದು ದಾರಿ ಹಿಡಿಯಿತು. ಅಲ್ಲಿನ ಶಾಕುಹಾಚಿಯನ್ನು ಕೆಳಮುಖವಾಗಿ ಹಿಡಿದು, ಮೇಲ್ತುದಿಯ ಓರೆಯಂಚಿಗೆ ಉಸಿರು ತಾಗಿಸಿ ನುಡಿಸಬೇಕು.

ವಾದ್ಯದ ಹೆಸರು ಅದರ ಅಳತೆಯಿಂದ ಬಂದಿದೆ. ಒಂದು ‘ಶಾಕು’ ಮತ್ತು ಎಂಟು ‘ಸುನ್’ ಎಂದರೆ ಸುಮಾರು 54.5 ಸೆಂಟಿಮೀಟರ್. ಬಿದಿರಿನ ಬುಡವನ್ನು ಬೇರಿನ ಗಂಟುಗಳ ಸಮೇತ ಕತ್ತರಿಸಿ ಇದನ್ನು ತಯಾರಿಸುತ್ತಾರೆ. ರಂಧ್ರಗಳು ಐದೇ, ಮುಂದೆ ನಾಲ್ಕು, ಹಿಂದೆ ಒಂದು. ಅವು ನೀಡುವ ಐದು ಮೂಲಸ್ವರಗಳನ್ನು ಕೆಳಗಿನಿಂದ ಕೇಳಿದರೆ ಕರ್ನಾಟಕ ಸಂಗೀತದ ಶುದ್ಧ ಧನ್ಯಾಸಿಯ ಸ್ವರಗಳೇ ದೊರೆಯುತ್ತವೆ. ಉಳಿದ ಸ್ವರಗಳನ್ನು ರಂಧ್ರವನ್ನು ಅರ್ಧ ಮುಚ್ಚಿ, ತಲೆಯನ್ನು ತಗ್ಗಿಸಿ ಅಥವಾ ಎತ್ತಿ ಪಡೆಯಬೇಕು.

ಎದೋ ಕಾಲದಲ್ಲಿ (1603–1868) ಇದು ಫುಕೆ ಎಂಬ ಜೆನ್ ಪಂಥದ ಸನ್ಯಾಸಿಗಳ ಸಾಧನವಾಗಿತ್ತು. ‘ಜೆನ್’ ಎಂಬ ಪದದ ಮೂಲವೇ ಸಂಸ್ಕೃತದ ‘ಧ್ಯಾನ’. ಕೊಮುಸೊ ಎನಿಸಿಕೊಂಡ ಈ ಸನ್ಯಾಸಿಗಳು ಮುಖ ಮುಚ್ಚುವ ಬುಟ್ಟಿಯಂಥ ಟೊಪ್ಪಿಗೆ ಧರಿಸಿ, ಕೊಳಲೂದುತ್ತ ಭಿಕ್ಷೆಗೆ ಹೋಗುತ್ತಿದ್ದರು. ಒಡೆಯರನ್ನು ಕಳೆದುಕೊಂಡ ಯೋಧರು ಅವರಲ್ಲಿ ಅನೇಕರಿದ್ದರು. ಅವರ ಪಾಲಿಗೆ ಊದುವುದು ಮನರಂಜನೆಯಲ್ಲ, ಸಾಧನೆ. ಇದಕ್ಕೆ ‘ಸುಯಿಜೆನ್’, ಅಂದರೆ ಊದುವ ಧ್ಯಾನ ಎಂದು ಹೆಸರು.

1871ರಲ್ಲಿ ಮೇಜಿ ಸರ್ಕಾರ ಫುಕೆ ಪಂಥವನ್ನೇ ರದ್ದುಪಡಿಸಿತು. ಮಠದ ಆಸರೆ ತಪ್ಪಿದ ವಾದ್ಯ ಉಳಿದದ್ದು ಕಛೇರಿಯ ವೇದಿಕೆಯಿಂದ. 18ನೇ ಶತಮಾನದ ಕುರೊಸಾವಾ ಕಿಂಕೊ ಸಂಗ್ರಹಿಸಿದ 36 ಧ್ಯಾನಕೃತಿಗಳನ್ನು ಅವನ ಪರಂಪರೆಯವರು ಉಳಿಸಿಕೊಂಡರು. 1896ರಲ್ಲಿ ನಕಾವೊ ತೊಜಾನ್ ಹೊಸ ಶೈಲಿಯೊಂದನ್ನು ಆರಂಭಿಸಿದರು. 1967ರಲ್ಲಿ ತಕೆಮಿತ್ಸು ಅವರ ‘ನವೆಂಬರ್ ಸ್ಟೆಪ್ಸ್’ ಕೃತಿಯ ಮೂಲಕ ಶಾಕುಹಾಚಿ ನ್ಯೂಯಾರ್ಕಿನ ವಾದ್ಯವೃಂದದೊಡನೆ ನುಡಿಯಿತು. 1977ರಲ್ಲಿ ವಾಯೇಜರ್ ನೌಕೆಗಳು ಹೊತ್ತೊಯ್ದ ಚಿನ್ನದ ತಟ್ಟೆಯಲ್ಲಿ ಕೇಸರಬಾಯಿ ಕೇರ್ಕರ್ ಅವರ ಗಾಯನದ ಜೊತೆಗೆ ಗೊರೊ ಯಮಗುಚಿ ಅವರ ಶಾಕುಹಾಚಿಯೂ ಇದೆ.

ಹಾಗಾದರೆ ವೇದಿಕೆಯೇರಿದ ಮೇಲೆ ಧ್ಯಾನ ಉಳಿಯಿತೇ? ಉತ್ತರ ಕೃತಿಗಳ ರಚನೆಯಲ್ಲಿಯೇ ಇದೆ. ಹಳೆಯ ಧ್ಯಾನಕೃತಿಗಳಿಗೆ ನಿಗದಿತ ತಾಳವಿಲ್ಲ. ಒಂದು ಉಸಿರು ಎಷ್ಟು ದೂರ ಸಾಗುತ್ತದೆಯೋ ಒಂದು ಪದಗುಚ್ಛ ಅಷ್ಟೇ ಉದ್ದ. ನಂತರದ ಮೌನವೂ ಕೃತಿಯ ಭಾಗವೇ. ಉಸಿರಿನ ಸದ್ದನ್ನು ದೋಷವೆಂದು ಮರೆಮಾಚುವುದಿಲ್ಲ. ಸಭಿಕರು ಮುಂದಿದ್ದರೂ ವಾದಕ ತನ್ನ ಉಸಿರನ್ನು ಮೀರಿ ಅವಸರಿಸುವಂತಿಲ್ಲ.

ಕಲಿಕೆಯ ಮೊದಲ ಪಾಠವೂ ಇದೇ. ಎಲ್ಲ ರಂಧ್ರಗಳನ್ನು ಮುಚ್ಚಿ ‘ರೊ’ ಎಂಬ ಕೆಳಸ್ವರವೊಂದನ್ನೇ ದೀರ್ಘವಾಗಿ ಊದಬೇಕು. ಆರಂಭದಲ್ಲಿ ನಾದ ಹೊರಡದಿರಬಹುದು. ತಲೆ ತಿರುಗಿದರೆ ನಿಲ್ಲಿಸಿ ವಿರಮಿಸಬೇಕು. ನಮ್ಮ ಕೊಳಲು ಬಲ್ಲವರಿಗೆ ಬೆರಳು ಬೇಗ ಪಳಗೀತು, ಆದರೆ ತುಟಿ ಹೊಸದಾಗಿ ಕಲಿಯಬೇಕು. ರಾಗ ವಿಸ್ತಾರಕ್ಕೆ ಅವಸರಪಡುವವರಿಗೆ ಈ ವಾದ್ಯ ಒಲಿಯದು. ಒಂದೇ ಸ್ವರದಲ್ಲಿ ನಿಲ್ಲಬಲ್ಲವರಿಗೆ ಒಲಿದೀತು.