ಹಾಡುವವಳು ಅಳಬೇಕೆ?

ಅಮೆರಿಕದ ಗಾಯಕಿ ಎಲಾ ಫಿಟ್ಸ್‌ಜೆರಾಲ್ಡಳ ಕಂಠದಲ್ಲಿ ದೋಷ ಕಂಡವರು ವಿರಳ. ಶ್ರುತಿಶುದ್ಧಿ, ಲಯದ ನಿಶ್ಚಯ, ತಾರದಿಂದ ಮಂದ್ರಕ್ಕೆ ತಡೆಯಿಲ್ಲದೆ ಇಳಿಯುವ ಶಾರೀರ, ಒಂದಕ್ಷರವೂ ಮಸುಕಾಗದ ಉಚ್ಚಾರಣೆ - ಇವೆಲ್ಲವನ್ನೂ ಒಪ್ಪಿಕೊಂಡ ಮೇಲೆ ವಿಮರ್ಶಕರು ಒಂದು 'ಆದರೆ'ಯನ್ನು ಸೇರಿಸುತ್ತಾರೆ. ಆದರೆ, ಆಕೆ ದುಃಖದ ಹಾಡನ್ನು ಹಾಡುವಾಗ ದುಃಖಪಡುವುದಿಲ್ಲ. ವಿರಹವನ್ನೂ ವಸಂತವನ್ನೂ ಒಂದೇ ಪ್ರಸನ್ನಮುಖದಿಂದ ಹಾಡಿ ಮುಗಿಸುತ್ತಾಳೆ. ಬಿಲಿ ಹಾಲಿಡೇಯಂತೆ ತನ್ನ ಬಾಳನ್ನೇ ಹಾಡಿನೊಳಕ್ಕೆ ಸುರಿಯುವುದಿಲ್ಲ. ಈ ಆಕ್ಷೇಪವನ್ನು ಎಷ್ಟು ಜನ ಎಷ್ಟು ಸಲ ಬರೆದಿದ್ದಾರೆಂದರೆ, ಈಗ ಅದು ವಿಮರ್ಶೆಯಾಗಿ ಉಳಿಯದೆ ವಾಡಿಕೆಯ ಮಾತಾಗಿಬಿಟ್ಟಿದೆ. ನನಗೆ ಇದು ಒಪ್ಪಿಗೆಯಾಗದು. ಕಾವ್ಯಮೀಮಾಂಸೆಯನ್ನು ತರಗತಿಯಲ್ಲಿ ಪಾಠ ಹೇಳುವವನಿಗೆ ಇದು ಹೊಸ ಆಕ್ಷೇಪವೆಂದೂ ತೋರದು. ರಸವೆಂಬುದು ಇರುವುದು ಯಾರಲ್ಲಿ ಎಂಬ ನಮ್ಮ ಆಲಂಕಾರಿಕರ ಹಳೆಯ ವಾದವೇ ಇಲ್ಲಿ ಬೇರೆ ಉಡುಪು ತೊಟ್ಟು ಬಂದಿದೆ.

ಮೊದಲು ಆ ಹಾಡುಗಳ ವಿಷಯ. ೧೯೨೦ರಿಂದ ಸುಮಾರು ೧೯೫೦ರ ವರೆಗೆ ನ್ಯೂಯಾರ್ಕಿನ ಬ್ರಾಡ್‌ವೇ ರಂಗಭೂಮಿಗೂ ಹಾಲಿವುಡ್ ಚಿತ್ರಗಳಿಗೂ ಬರೆದ ಸಾವಿರಾರು ಹಾಡುಗಳಲ್ಲಿ ಕೆಲವು ನೂರು ಹಾಡುಗಳು ತಮ್ಮ ನಾಟಕಗಳು ಮರೆತುಹೋದ ಮೇಲೂ ಬದುಕಿ ಉಳಿದವು. ಜಾಸ್ ವಾದಕರು ಅವುಗಳನ್ನು ತಮ್ಮ ಮನೋಧರ್ಮಕ್ಕೆ ಆಧಾರವಾಗಿ ಇರಿಸಿಕೊಂಡರು. ಇವಕ್ಕೆ 'ಸ್ಟ್ಯಾಂಡರ್ಡ್' ಎಂದು ಹೆಸರು. ಕೋಲ್ ಪೋರ್ಟರ್, ಇರ್ವಿಂಗ್ ಬರ್ಲಿನ್, ಜೆರೋಮ್ ಕರ್ನ್, ಗರ್ಷ್‌ವಿನ್ ಸೋದರರು, ರಿಚರ್ಡ್ ರಾಜರ್ಸ್ ಮತ್ತು ಅವನ ಜೊತೆಗಾರ ಕವಿ ಲೊರೆನ್ಸ್ ಹಾರ್ಟ್ - ಇವರು ಈ ಪ್ರಕಾರದ ಪ್ರಮುಖರು. ಹಾಡಿನ ಕಟ್ಟು ಸರಳ. ಸಾಮಾನ್ಯವಾಗಿ ಮೂವತ್ತೆರಡು ಆವರ್ತಗಳು. ಎಂಟೆಂಟರ ನಾಲ್ಕು ಭಾಗ. ಮೊದಲನೆಯ ಮಟ್ಟು ಎರಡನೆಯ ಭಾಗದಲ್ಲಿ ಮತ್ತೆ ಬರುತ್ತದೆ, ಮೂರನೆಯದರಲ್ಲಿ ಹಾಡು ಬೇರೊಂದು ಊರಿಗೆ ಹೋಗಿ, ನಾಲ್ಕನೆಯದರಲ್ಲಿ ಮನೆಗೆ ಮರಳುತ್ತದೆ. ಇದರ ಮುಂದೆ ಒಂದು ಪೀಠಿಕೆ ಇರುವುದುಂಟು. ದೇವರನಾಮಕ್ಕೆ ಮೊದಲು ತಾಳದ ಕಟ್ಟಿಲ್ಲದೆ ಹಾಡುವ ಉಗಾಭೋಗವನ್ನು ಬಲ್ಲವರಿಗೆ ಅದರ ಸ್ವಭಾವ ಸುಲಭವಾಗಿ ತಿಳಿದೀತು. ನಾಟಕದ ಪಾತ್ರ ಮಾತಿನಿಂದ ಹಾಡಿಗೆ ಏರುವ ಮೆಟ್ಟಿಲು ಅದು. ಜಾಸ್ ವಾದಕರಿಗೆ ಪೀಠಿಕೆಯಿಂದ ಪ್ರಯೋಜನವಿರಲಿಲ್ಲ. ಅವರು ಅದನ್ನು ಕೈಬಿಟ್ಟರು. ಗಾಯಕರೂ ಹೆಚ್ಚಾಗಿ ಅವರನ್ನೇ ಅನುಸರಿಸಿದರು.

ಎಲಾ ಫಿಟ್ಸ್‌ಜೆರಾಲ್ಡ್ ಈ ಹಾಡುಗಳ ಬಳಿಗೆ ಬಂದ ದಾರಿ ವಿಚಿತ್ರವಾದುದು. (ನಮ್ಮ ನುಡಿಯಲ್ಲಿ 'ಎಲಾ' ಎಂಬುದು ಅಚ್ಚರಿಯ ಉದ್ಗಾರ, ಹೆಸರು ಇಷ್ಟು ಒಪ್ಪುವುದು ಅಪರೂಪ.) ೧೯೧೭ರಲ್ಲಿ ವರ್ಜೀನಿಯಾದಲ್ಲಿ ಹುಟ್ಟಿ ನ್ಯೂಯಾರ್ಕಿನ ಸಮೀಪದ ಯಾಂಕರ್ಸ್‌ನಲ್ಲಿ ಬೆಳೆದ ಈ ಕಪ್ಪು ಹುಡುಗಿ ೧೯೩೨ರಲ್ಲಿ ತಾಯಿಯನ್ನು ಕಳೆದುಕೊಂಡಳು. ಸ್ವಲ್ಪ ಕಾಲ ಬಾಲಾಪರಾಧಿಗಳ ಶಾಲೆಯಲ್ಲಿದ್ದಳು, ಬೀದಿಯನ್ನೂ ಕಂಡಳು. ೧೯೩೪ರ ನವೆಂಬರಿನಲ್ಲಿ ಹಾರ್ಲೆಮ್‌ನ ಅಪಾಲೊ ರಂಗಮಂದಿರದ ಹವ್ಯಾಸಿಗಳ ಸ್ಪರ್ಧೆಗೆ ಹೋದದ್ದು ನರ್ತಿಸಲೆಂದು. ಹಾಡಿ ಬಹುಮಾನ ಪಡೆದಳು. ಆಗ ವಯಸ್ಸು ಹದಿನೇಳು. ಮುಂದೆ ಚಿಕ್ ವೆಬ್ಬನ ವಾದ್ಯವೃಂದ, ೧೯೩೮ರಲ್ಲಿ ಒಂದು ಶಿಶುಗೀತೆಯಿಂದ ಬಂದ ಅಪಾರ ಕೀರ್ತಿ, ನಲವತ್ತರ ದಶಕದಲ್ಲಿ ಹೊಸ ಪೀಳಿಗೆಯ ಜಾಸ್ ವಾದಕರ ಒಡನಾಟ. ಆ ಒಡನಾಟದಲ್ಲಿ ಆಕೆ ಕರಗತ ಮಾಡಿಕೊಂಡದ್ದು ಅರ್ಥವಿಲ್ಲದ ಅಕ್ಷರಗಳಿಂದ ಹಾಡನ್ನು ಹಬ್ಬಿಸುವ 'ಸ್ಕ್ಯಾಟ್' ವಿದ್ಯೆ. ತಿಲ್ಲಾನದ ಜತಿಗಳನ್ನೂ ಕಲ್ಪನಾಸ್ವರದ ಸ್ವಾತಂತ್ರ್ಯವನ್ನೂ ಒಟ್ಟುಗೂಡಿಸಿದರೆ ಅದರ ಛಾಯೆ ನಮಗೆ ದೊರಕಬಹುದು. ೧೯೬೦ರ ಫೆಬ್ರವರಿಯಲ್ಲಿ ಬರ್ಲಿನ್ ನಗರದ ಕಚೇರಿಯೊಂದರಲ್ಲಿ 'ಮ್ಯಾಕ್ ದ ನೈಫ್' ಹಾಡುತ್ತಿದ್ದಾಗ ಆಕೆಗೆ ಮಾತುಗಳು ಮರೆತುಹೋದವು. ಹಾಡು ನಿಲ್ಲಲಿಲ್ಲ. ಮರೆತೆನೆಂಬುದನ್ನೇ ಸಾಹಿತ್ಯವಾಗಿ ಹೆಣೆದು, ನಡುವೆ ಲೂಯಿ ಆರ್ಮ್‌ಸ್ಟ್ರಾಂಗನ ಗೊಗ್ಗರು ದನಿಯನ್ನು ಅಣಕಿಸಿ, ಸಭೆಯನ್ನು ನಗಿಸಿ ಮುಗಿಸಿದಳು. ಆ ಧ್ವನಿಮುದ್ರಿಕೆ ಇಂದಿಗೂ ಕೇಳುವವರ ಮುಖದಲ್ಲಿ ನಗೆ ತರಿಸುತ್ತದೆ.

ಹೀಗೆ ಮಾತಿಲ್ಲದೆಯೂ ಹಾಡಬಲ್ಲವಳು ಮಾತಿಗೇ ತನ್ನನ್ನು ಒಪ್ಪಿಸಿಕೊಂಡದ್ದು ೧೯೫೬ರಲ್ಲಿ. ಆಕೆಯ ವ್ಯವಸ್ಥಾಪಕ ನಾರ್ಮನ್ ಗ್ರಾನ್ಸ್ ಆ ವರ್ಷ 'ವರ್ವ್' ಎಂಬ ಧ್ವನಿಮುದ್ರಣ ಸಂಸ್ಥೆಯನ್ನು ಆರಂಭಿಸಿದ. ಒಬ್ಬೊಬ್ಬ ರಚನಕಾರನಿಗೆ ಒಂದೊಂದು 'ಗೀತಪುಸ್ತಕ'ವನ್ನು ಮೀಸಲಿಡುವುದು ಅವನ ಯೋಜನೆ. ಮೊದಲನೆಯದು ಕೋಲ್ ಪೋರ್ಟರನದು, ೩೨ ಹಾಡುಗಳು. ೧೯೬೪ರ ವರೆಗೆ ಇಂಥ ಎಂಟು ಗೀತಪುಸ್ತಕಗಳು ಬಂದವು. ೧೯೫೯ರ ಗರ್ಷ್‌ವಿನ್ ಸಂಪುಟವೊಂದರಲ್ಲೇ ಐದು ತಟ್ಟೆಗಳು, ೫೩ ಹಾಡುಗಳು. ರಾಗಸಂಯೋಜಕ ಜಾರ್ಜ್ ೧೯೩೭ರಲ್ಲೇ ತೀರಿಕೊಂಡಿದ್ದ. ಮಾತು ಬರೆದ ಅಣ್ಣ ಐರಾ ಬದುಕಿದ್ದ. ಎಲಾ ಹಾಡುವುದನ್ನು ಕೇಳುವ ವರೆಗೂ ತಮ್ಮ ಹಾಡುಗಳು ಇಷ್ಟು ಚೆನ್ನಾಗಿವೆಯೆಂದು ತನಗೇ ತಿಳಿದಿರಲಿಲ್ಲವೆಂಬ ಅರ್ಥದ ಮಾತನ್ನು ಅವನು ಹೇಳಿದನೆಂದು ಪ್ರಸಿದ್ಧವಾಗಿದೆ.

ಈ ಮೆಚ್ಚುಗೆಯ ಒಳಗುಟ್ಟು ಏನು? ಆಕೆ ಬಹಳ ಕಡೆ ಪೀಠಿಕೆಗಳನ್ನು ಹಾಡಿಗೆ ಮರಳಿಸಿದಳು. ಮಟ್ಟನ್ನು ರಚನಕಾರ ಬರೆದಂತೆ ಮೊದಲು ಹಾಡಿ, ತನ್ನ ಕುಸುರಿಯನ್ನು ಅನಂತರಕ್ಕೆ ಇಟ್ಟುಕೊಂಡಳು. ಎಷ್ಟೋ ಕಡೆ ಅದನ್ನೂ ಬಿಟ್ಟಳು. ನಮ್ಮ ಗಮಕಿಗಳು ಕುಮಾರವ್ಯಾಸನನ್ನು ಓದುವ ಕ್ರಮ ಇಲ್ಲಿ ನೆನಪಿಗೆ ಬರುತ್ತದೆ. ಒಳ್ಳೆಯ ಗಮಕಿ ಭಾಮಿನಿ ಷಟ್ಪದಿಯ ಪಾದ ಮುಗಿಯಿತೆಂದು ನಿಲ್ಲುವುದಿಲ್ಲ, ಅರ್ಥ ಮುಗಿದಾಗ ನಿಲ್ಲುತ್ತಾನೆ. ರಾಗ ಅವನಿಗೆ ಪದ್ಯವನ್ನು ಹೊತ್ತು ತರುವ ಪಲ್ಲಕ್ಕಿಯೇ ಹೊರತು ಪದ್ಯಕ್ಕಿಂತ ಮುಂದೆ ನಡೆಯುವ ವಾದ್ಯವಲ್ಲ. ಎಲಾಳ ಉಸಿರೂ ಹಾಗೆಯೇ ಅರ್ಥವನ್ನು ಅನುಸರಿಸಿ ನಡೆಯುತ್ತದೆ.

ಪೋರ್ಟರನ 'ಎವ್ರಿ ಟೈಮ್ ವಿ ಸೇ ಗುಡ್‌ಬೈ' ಎಂಬ ೧೯೪೪ರ ಹಾಡನ್ನು ತೆಗೆದುಕೊಳ್ಳೋಣ. ಬೀಳ್ಕೊಡುಗೆಯ ಹಾಡು. ಮಟ್ಟು ಒಂದೇ ಸ್ವರವನ್ನು ಮತ್ತೆ ಮತ್ತೆ ಮುಟ್ಟುತ್ತ, ಹೊರಡಲು ಕಾಲೇಳದವನಂತೆ ಆರಂಭವಾಗುತ್ತದೆ. ಮುಂದೆ ಒಂದೆಡೆ ಸಾಹಿತ್ಯವು ಮೇಜರ್ ಮೇಳ ಮೈನರ್ ಆಗುವ ಸೋಜಿಗದ ಪ್ರಸ್ತಾಪ ಮಾಡುತ್ತದೆ. ಸರಿಯಾಗಿ ಆ ಮಾತಿಗೇ ಕೆಳಗಿನ ಸ್ವರಮೇಳವೂ ಹಾಗೆ ಬದಲಾಗುತ್ತದೆ. ನಮ್ಮ ಪರಿಭಾಷೆಯಲ್ಲಿ ಹೇಳುವುದಾದರೆ, ಆ ಮೇಳದ ಅಂತರ ಗಾಂಧಾರ ಸಾಧಾರಣ ಗಾಂಧಾರವಾಗುತ್ತದೆ. ಕವಿಯ ಚಾತುರ್ಯ ಇದು. ಶ್ಲೇಷೆಗೆ ಸಂಗೀತದಲ್ಲಿ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ತಿಳಿದಿಲ್ಲ. ಸಾಮಾನ್ಯ ಗಾಯಕಿ ಆ ಸ್ಥಳದಲ್ಲಿ ದನಿ ನಡುಗಿಸಿ, 'ನೋಡಿದಿರಾ?' ಎಂದು ನಮ್ಮನ್ನು ತಿವಿಯುತ್ತಾಳೆ. ಎಲಾ ಏನೂ ಮಾಡುವುದಿಲ್ಲ. ಸ್ವರವನ್ನು ಅದರ ಸ್ಥಾನದಲ್ಲಿ ನಿಲ್ಲಿಸಿ ಮುಂದೆ ಹೋಗುತ್ತಾಳೆ. ಬೆಳಕು ಕುಂದಿದ್ದು ನಮಗೆ ಎರಡು ಕ್ಷಣ ತಡವಾಗಿ ತಿಳಿಯುತ್ತದೆ, ಬೀಳ್ಕೊಟ್ಟು ಮನೆಯೊಳಕ್ಕೆ ಬಂದ ಮೇಲೆ ತಿಳಿಯುವ ಹಾಗೆ.

ಎಲ್ಲ ಹಾಡಿಗೂ ಈ ನಿಲುವು ಒಗ್ಗುತ್ತದೆಯೆಂದು ನಾನು ವಾದಿಸುವುದಿಲ್ಲ. ಅದೇ ಸಂಪುಟದ 'ಲವ್ ಫಾರ್ ಸೇಲ್' ಬೆಲೆವೆಣ್ಣಿನ ಬಾಯಿಂದ ಬರುವ ಹಾಡು. ಎಲಾ ಅದನ್ನು ಸ್ವಚ್ಛವಾಗಿ ಹಾಡಿದ್ದಾಳೆ; ಆ ಸ್ವಚ್ಛತೆಯೇ ಅಲ್ಲಿ ಕೊರತೆ. ೧೯೫೨ರಲ್ಲಿ ಬಿಲಿ ಹಾಲಿಡೇ ಆಸ್ಕರ್ ಪೀಟರ್ಸನ್ನನ ಪಿಯಾನೊ ಒಂದನ್ನೇ ಜೊತೆಗಿರಿಸಿಕೊಂಡು ಹಾಡಿದ್ದನ್ನು ಕೇಳಿದವರು ಮತ್ತೆ ಇದರ ಬಳಿಗೆ ಬರಲಾರರು. ಪೋರ್ಟರ್ ಸಂಪುಟಕ್ಕೆ ವಾದ್ಯಸಂಯೋಜನೆ ಮಾಡಿದ ಬಡ್ಡಿ ಬ್ರೆಗ್‌ಮನ್ ಆಗ ಇನ್ನೂ ತರುಣ. ಕೆಲವು ಕಡೆ ಅವನ ಕಹಳೆಗಳು ಕರೆಯದ ನೆಂಟರಂತೆ ನುಗ್ಗುತ್ತವೆ. ಆದರೆ ರಾಜರ್ಸ್–ಹಾರ್ಟರ ಸಂಪುಟದ 'ಬಿವಿಚ್ಡ್, ಬಾದರ್ಡ್ ಅಂಡ್ ಬಿವಿಲ್ಡರ್ಡ್' ಕೇಳಿ. 'ಪಾಲ್ ಜೋಯಿ' ಎಂಬ ೧೯೪೦ರ ನಾಟಕದಲ್ಲಿ, ಲೋಕ ಕಂಡ ಶ್ರೀಮಂತ ಹೆಂಗಸೊಬ್ಬಳು ಕೆಲಸಕ್ಕೆ ಬಾರದ ಯುವಕನೊಬ್ಬನಿಗೆ ಮರುಳಾಗಿ, ತನ್ನ ಮರುಳನ್ನು ತಾನೇ ಲೇವಡಿ ಮಾಡಿಕೊಳ್ಳುವ ಹಾಡು ಅದು. ಎಲಾ ಒಂದು ಚರಣವನ್ನೂ ಅವಸರಿಸದೆ ಸುಮಾರು ಏಳು ನಿಮಿಷ ಹಾಡುತ್ತಾಳೆ. ಹಾರ್ಟನ ಪ್ರಾಸಗಳ ಹಿಂದೆ ಅವಿತಿದ್ದ ಒಂಟಿತನ ನಿಧಾನವಾಗಿ ಮುಂದೆ ಬಂದು ಕೂರುತ್ತದೆ.

ನನ್ನ ವಾದದ ಮುಖ್ಯ ಸಾಕ್ಷಿ ಪೋರ್ಟರ್ ಸಂಪುಟದಲ್ಲೇ ಇದೆ: 'ಮಿಸ್ ಓಟಿಸ್ ರಿಗ್ರೆಟ್ಸ್'. ೧೯೩೪ರಲ್ಲಿ ಪೋರ್ಟರ್ ಇದನ್ನು ಅರ್ಧ ವಿನೋದಕ್ಕಾಗಿ ಬರೆದ. ಶ್ರೀಮಂತರ ಮನೆಯ ಸೇವಕ, ಊಟಕ್ಕೆ ಬಂದ ಅತಿಥಿಗೆ ವಿನಯದಿಂದ ಅರಿಕೆ ಮಾಡುತ್ತಾನೆ: ಮಿಸ್ ಓಟಿಸ್ ಈ ದಿನ ಮಧ್ಯಾಹ್ನದ ಊಟಕ್ಕೆ ಬರಲಾಗದುದಕ್ಕೆ ವಿಷಾದಿಸುತ್ತಾರೆ. ಏಕೆ ಬರಲಾಗದು? ಪ್ರಿಯತಮ ಆಕೆಯನ್ನು ತೊರೆದ. ಆಕೆ ಅವನನ್ನು ಹುಡುಕಿಕೊಂಡು ಹೋಗಿ ಗುಂಡಿಟ್ಟು ಕೊಂದಳು. ಜನರ ಗುಂಪು ಆಕೆಯನ್ನು ಸೆರೆಮನೆಯಿಂದ ಎಳೆದೊಯ್ದು ಮರಕ್ಕೆ ನೇಣು ಹಾಕಿತು. ಸಾಯುವ ಮುನ್ನ ಆಕೆ ತಲೆಯೆತ್ತಿ ಹೇಳಿದ್ದು, ಊಟಕ್ಕೆ ಬರಲಾಗದೆಂಬ ಈ ಮಾತನ್ನೇ. ಪ್ರತಿ ಚರಣದ ಕೊನೆಗೂ ಅದೇ ಮರ್ಯಾದೆಯ ವಾಕ್ಯ ಮರಳುತ್ತದೆ. ಸಿರಿವಂತರ ಕೂಟಗಳಲ್ಲಿ ನಗಿಸಲು ತಕ್ಕ ಸರಕು.

ಇದನ್ನು ಎಲಾ ಹಾಡಿದ ಕಾಲವನ್ನು ಗಮನಿಸಬೇಕು. ೧೯೫೫ರ ಆಗಸ್ಟ್‌ನಲ್ಲಿ ಮಿಸಿಸಿಪಿಯಲ್ಲಿ ಎಮೆಟ್ ಟಿಲ್ ಎಂಬ ಹದಿನಾಲ್ಕು ವರ್ಷದ ಕಪ್ಪು ಹುಡುಗನನ್ನು ಬಿಳಿಯರು ಎಳೆದೊಯ್ದು ಕೊಂದಿದ್ದರು. ಅದೇ ಅಕ್ಟೋಬರಿನಲ್ಲಿ ಹ್ಯೂಸ್ಟನ್ ನಗರದಲ್ಲಿ ಎಲಾಳ ಕಚೇರಿ. ಬಿಳಿಯರನ್ನೂ ಕರಿಯರನ್ನೂ ಬೇರೆ ಬೇರೆ ಕೂರಿಸಲು ಗ್ರಾನ್ಸ್ ಒಪ್ಪಿರಲಿಲ್ಲ. ಪೊಲೀಸರು ಆಕೆಯ ಉಡುಪಿನ ಕೋಣೆಗೇ ನುಗ್ಗಿ, ಜೂಜಿನ ಆಪಾದನೆ ಹೊರಿಸಿ, ಆಕೆಯನ್ನೂ ಡಿಜಿ ಗಿಲೆಸ್ಪಿ ಮೊದಲಾದ ವಾದಕರನ್ನೂ ಠಾಣೆಗೆ ಒಯ್ದರು. ಬಿಡುಗಡೆಯಾಗಿ ಬಂದವರು ಆ ರಾತ್ರಿಯ ಎರಡನೆಯ ಪ್ರದರ್ಶನವನ್ನು ನಡೆಸಿಕೊಟ್ಟರು. ಪೋರ್ಟರ್ ಸಂಪುಟದ ಧ್ವನಿಮುದ್ರಣ ಇದಾದ ಕೆಲವೇ ತಿಂಗಳಿಗೆ, ೧೯೫೬ರ ಫೆಬ್ರವರಿ–ಮಾರ್ಚ್‌ಗಳಲ್ಲಿ.

'ಮಿಸ್ ಓಟಿಸ್' ಹಾಡಿಗೆ ವಾದ್ಯವೃಂದವಿಲ್ಲ. ಪಾಲ್ ಸ್ಮಿತ್‌ನ ಪಿಯಾನೊ ಒಂದೇ. ಎಲಾ ನಗಿಸಲು ಹೋಗುವುದಿಲ್ಲ, ಅಳಿಸಲೂ ಹೋಗುವುದಿಲ್ಲ. ಸೇವಕನ ನಯವನ್ನು ಕೊನೆಯ ವರೆಗೆ ಕೆಡಿಸುವುದಿಲ್ಲ. ಮಿಸ್ ಓಟಿಸಳ ಬಣ್ಣವನ್ನು ಹಾಡು ತಿಳಿಸುವುದಿಲ್ಲ. ಆದರೆ ಗುಂಪು, ಸೆರೆಮನೆ, ಮರ ಎಂಬ ಮೂರು ಮಾತುಗಳು ಆ ವರ್ಷದಲ್ಲಿ ಆ ಕಂಠದಿಂದ ಬಂದಾಗ ಪೋರ್ಟರನ ವಿನೋದ ಎಲ್ಲಿ ಉಳಿಯಿತು? ಯಜಮಾನರ ಮುಂದೆ ದನಿಯೆತ್ತದೆ ಘೋರವನ್ನು ಅರಿಕೆ ಮಾಡುವ ಅಭ್ಯಾಸ ಯಾವ ಜನಕ್ಕೆ ಎಷ್ಟು ತಲೆಮಾರಿನದು ಎಂಬುದು ನಮಗೆ ಥಟ್ಟನೆ ಹೊಳೆಯುತ್ತದೆ. ಗಾಯಕಿ ಒಂದು ಸಲ ಬಿಕ್ಕಿದ್ದರೆ ಇದು ಹೊಳೆಯುತ್ತಿರಲಿಲ್ಲ. ನಾವು ಆಕೆಯ ಬಿಕ್ಕನ್ನು ಕೇಳುತ್ತ ಕೂರುತ್ತಿದ್ದೆವು.

ಕ್ರೌಂಚದ ಶೋಕವು ಆದಿಕವಿಯಲ್ಲಿ ಶ್ಲೋಕವಾದ ಕಥೆ ಎಲ್ಲರಿಗೂ ಗೊತ್ತು. 'ಧ್ವನ್ಯಾಲೋಕ'ಕ್ಕೆ ಬರೆದ 'ಲೋಚನ'ದಲ್ಲಿ ಅಭಿನವಗುಪ್ತ ಅಲ್ಲಿ ಒಂದು ಎಚ್ಚರಿಕೆ ಕೊಡುತ್ತಾನೆ: ಆ ಶೋಕವನ್ನು ಮುನಿಯ ಸ್ವಂತ ಶೋಕವೆಂದು ತಿಳಿಯಬಾರದು. ಮುನಿಯೇ ದುಃಖದಲ್ಲಿ ಬೆಂದಿದ್ದರೆ ಅಲ್ಲಿ ರಸಕ್ಕೆ ಎಡೆಯಿರುತ್ತಿರಲಿಲ್ಲವೆಂದು ಅವನ ತಾತ್ಪರ್ಯ. ಶೋಕ ತನ್ನದೆಂಬ, ಪರರದೆಂಬ ಗೆರೆಯನ್ನು ದಾಟಿದಾಗಲೇ ಸಹೃದಯನ ಎದೆಯಲ್ಲಿ ಕರುಣರಸವಾಗುವುದು. ಎಲಾಳ ಮೇಲಿನ ಆಕ್ಷೇಪಕ್ಕೆ ಉತ್ತರ ಸುಮಾರು ಸಾವಿರ ವರ್ಷದ ಹಿಂದೆಯೇ ಕಾಶ್ಮೀರದಲ್ಲಿ ಸಿದ್ಧವಾಗಿತ್ತು.

ಹಾಗಾದರೆ ಬಿಲಿ ಹಾಲಿಡೇಯ ಗತಿಯೇನೆಂದು ನನ್ನ ವಿದ್ಯಾರ್ಥಿಗಳು ಕೇಳಿಯಾರು. ಆಕೆ ೧೯೩೯ರಲ್ಲಿ ಹಾಡಿದ 'ಸ್ಟ್ರೇಂಜ್ ಫ್ರೂಟ್' ಕೂಡ ಮರಕ್ಕೆ ನೇತುಹಾಕಿದ ದೇಹಗಳ ಹಾಡೇ. ಅಲ್ಲಿ ಮಾತಿನಲ್ಲೇ ಬೆಂಕಿಯಿದೆ, ಹಾಡುವವಳಲ್ಲೂ ಇದೆ. ಆದರೆ ಆಕೆಯನ್ನು ಬರಿಯ ಕಣ್ಣೀರಿನ ಗಾಯಕಿಯೆನ್ನುವವರು ಅದನ್ನೂ ಸರಿಯಾಗಿ ಕೇಳಿಲ್ಲ. ಆಕೆ ಎಷ್ಟನ್ನು ಬಿಗಿಹಿಡಿದಿದ್ದಾಳೆ ಎಂಬುದರಲ್ಲೇ ಆ ಹಾಡಿನ ಭಯಂಕರತೆ ಇರುವುದು. ಸಾಯುವ ಹಿಂದಿನ ವರ್ಷ, ೧೯೫೮ರಲ್ಲಿ, ಹಾಲಿಡೇ ಹಾಡಿದ 'ಲೇಡಿ ಇನ್ ಸ್ಯಾಟಿನ್' ಸಂಪುಟದಲ್ಲಿ ಕಂಠ ಒಡೆದುಹೋಗಿದೆ. ಅದನ್ನು ಕೇಳುವಾಗ ಆಕೆಯ ಬಾಳು ನೆನಪಾಗದೆ ಇರದು. ಹಾಡನ್ನು ಕೇಳುತ್ತಿದ್ದೇನೆಯೋ ಬಾಳನ್ನೋ ಎಂಬ ಸಂಶಯ ನನಗೆ ಪ್ರತಿಸಲವೂ ಬಂದಿದೆ.

ಎಲಾಳನ್ನು ಮೊದಲ ಸಲ ಕೇಳುವವರು ಐದು ತಟ್ಟೆಗಳ ಗರ್ಷ್‌ವಿನ್ ಸಂಪುಟದಿಂದ ತೊಡಗುವುದು ಬೇಡ. ನೆಲ್ಸನ್ ರಿಡ್ಲ್‌ನ ವಾದ್ಯಸಂಯೋಜನೆ ಎಷ್ಟೇ ಸೊಗಸಾಗಿದ್ದರೂ ಅಷ್ಟು ದೀರ್ಘವಾದದ್ದು ಆರಂಭಕ್ಕೆ ತಕ್ಕುದಲ್ಲ. ಪೋರ್ಟರ್ ಸಂಪುಟದಿಂದ 'ಮಿಸ್ ಓಟಿಸ್' ಒಂದನ್ನು, ಹಾಡಿನ ಮಾತುಗಳನ್ನು ಎದುರಿಗಿಟ್ಟುಕೊಂಡು, ಎರಡು ಸಲ ಕೇಳಲಿ. ಎರಡನೆಯ ಸಲ ಪಿಯಾನೊದ ಕಡೆಗೂ ಕಿವಿಗೊಡಲಿ. ಅನಂತರ ಅದೇ ಪಾಲ್ ಸ್ಮಿತ್‌ನ ಪಿಯಾನೊ ಮಾತ್ರ ಜೊತೆಗಿರುವ ೧೯೬೦ರ ಸಂಪುಟವೊಂದಿದೆ, 'ದಿ ಇಂಟಿಮೇಟ್ ಎಲಾ' ಎಂಬ ಹೆಸರಿನಲ್ಲಿ ಮರುಮುದ್ರಣವಾದದ್ದು. ಅದನ್ನು ರಾತ್ರಿ ಮನೆಮಂದಿ ಮಲಗಿದ ಮೇಲೆ ಸಣ್ಣ ದನಿಯಲ್ಲಿ ಕೇಳಬೇಕು.