ಜಿದ್ದಾ ವಿಮಾನ: ಎಷ್ಟು ದೂರ, ಎಷ್ಟು ಹೊತ್ತು?

ಉಮ್ರಾಕ್ಕೆ ಹೊರಟವರ ಟಿಕೆಟ್ ನೋಡಿ ಮನೆಮಂದಿ ತಪ್ಪು ಲೆಕ್ಕ ಹಾಕುವುದುಂಟು. ಬೆಳಿಗ್ಗೆ 10ಕ್ಕೆ ಬೆಂಗಳೂರು ಬಿಟ್ಟು ಮಧ್ಯಾಹ್ನ 1.15ಕ್ಕೆ ಜಿದ್ದಾ ತಲುಪುತ್ತದೆ ಎಂದಿದ್ದರೆ ಮೂರೂಕಾಲು ಗಂಟೆಯ ಹಾದಿ ಎನಿಸುತ್ತದೆ. ಆದರೆ ಟಿಕೆಟಿನಲ್ಲಿ ಬರೆಯುವುದು ಆಯಾ ಊರಿನ ಸಮಯ. ಸೌದಿಯ ಗಡಿಯಾರ ನಮ್ಮದಕ್ಕಿಂತ ಎರಡೂವರೆ ಗಂಟೆ ಹಿಂದೆ. ಅದನ್ನು ಕೂಡಿಸಿದರೆ ಪ್ರಯಾಣ ಐದೂಮುಕ್ಕಾಲು ಗಂಟೆ.

ಎರಡು ನಗರಗಳ ನಡುವೆ ನೇರ ದೂರ ಸುಮಾರು 4,180 ಕಿ.ಮೀ. ವಿಮಾನ ನಿಗದಿತ ಮಾರ್ಗದಲ್ಲೇ ಹಾರಬೇಕಾದ್ದರಿಂದ ಇನ್ನಷ್ಟು ಸೇರುತ್ತದೆ. ಬಹಳ ಎತ್ತರದಲ್ಲಿ, ಅದರಲ್ಲೂ ಚಳಿಗಾಲದಲ್ಲಿ, ಗಾಳಿ ಪಶ್ಚಿಮದಿಂದ ಪೂರ್ವಕ್ಕೆ ಬೀಸುತ್ತದೆ. ಹಾಗಾಗಿ ಹೋಗುವುದಕ್ಕಿಂತ ಮರಳುವುದು ಬೇಗ.

ನಮಾಝಿನ ವಿಷಯದಲ್ಲಿ ಇದು ಮುಖ್ಯ. ಹೋಗುವಾಗ ಸೂರ್ಯನ ಜೊತೆಗೇ ಸಾಗುವುದರಿಂದ ಹಗಲು ಉದ್ದವಾಗುತ್ತದೆ. ಬೆಂಗಳೂರಿನಲ್ಲಿ ಸಹರಿ ಮಾಡಿ ಹೊರಟವರ ಉಪವಾಸವೂ ಅಷ್ಟೇ ಉದ್ದ. ಬರುವಾಗ ತದ್ವಿರುದ್ಧ. ಜಿದ್ದಾದಿಂದ ಮಧ್ಯಾಹ್ನ 3ಕ್ಕೆ ಹೊರಟರೆ ಅಸರ್ ಆಕಾಶದಲ್ಲೇ ಆಗುತ್ತದೆ, ಎರಡು ಗಂಟೆ ಕಳೆಯುವಷ್ಟರಲ್ಲಿ ಸೂರ್ಯ ಮುಳುಗುವ ಹೊತ್ತು. ಊಟ ಮುಗಿಸಿ ಒಂದು ನಿದ್ದೆ ತೆಗೆದರೆ ಅಸರ್ ಕಝಾ! ಕೈಗಡಿಯಾರ ನಂಬಬೇಡಿ, ಕಿಟಕಿಯ ಹೊರಗೆ ನೋಡಿ.

ಇನ್ನು ಮೀಕಾತ್. 1995ರವರೆಗೆ ಮುಂಬೈಯಿಂದ ಹಡಗಿನಲ್ಲಿ ಹಜ್ಜ್‌ಗೆ ಹೋಗುತ್ತಿದ್ದವರಿಗೆ ದಿನಗಟ್ಟಲೆ ಸಮಯವಿತ್ತು. ಯಲಮ್‌ಲಮ್‌ನ ನೇರಕ್ಕೆ ಬರುವ ಮೊದಲೇ ಸ್ನಾನ ಮಾಡಿ ಇಹ್ರಾಮ್ ಧರಿಸಬಹುದಿತ್ತು. ಜಿದ್ದಾ ಇರುವುದು ಮಕ್ಕಾದ ಪಶ್ಚಿಮಕ್ಕೆ, ಕಡಲ ತೀರದಲ್ಲಿ. ನಮ್ಮ ವಿಮಾನ ಬರುವುದು ಪೂರ್ವದಿಂದ. ಆದ್ದರಿಂದ ಇಳಿಯುವ ಮೊದಲೇ ಅದು ಸಾಮಾನ್ಯವಾಗಿ ತಾಇಫ್ ಬಳಿಯ ಕರ್ನುಲ್ ಮನಾಝಿಲ್ ಮೀಕಾತನ್ನು ದಾಟಿರುತ್ತದೆ. ಅಲ್ಲಿಂದ ಜಿದ್ದಾಕ್ಕೆ ನೇರ ದೂರ 130 ಕಿ.ಮೀ. ಆಸುಪಾಸು, ವಿಮಾನಕ್ಕೆ ಕೆಲವೇ ನಿಮಿಷಗಳ ಹಾದಿ. ಇಹ್ರಾಮ್ ಇಲ್ಲದೆ ದಾಟಿದವರು ಮೀಕಾತ್‌ಗೆ ಮರಳಬೇಕು, ಇಲ್ಲವಾದರೆ ದಮ್ ಕೊಡಬೇಕು. (ಮೊದಲು ಮದೀನಾಕ್ಕೆ ಹೋಗುವವರಿಗೆ ಈ ಅವಸರವಿಲ್ಲ. ಅವರ ಮೀಕಾತ್ ಮದೀನಾದ ಹೊರಗಿನ ದುಲ್ ಹುಲೈಫಾ.)

ನಮ್ಮ ಕುಟುಂಬ ಇದನ್ನು ಕಲಿತದ್ದು ಕಷ್ಟಪಟ್ಟು. ಮೂರೂಕಾಲು ಗಂಟೆಯ ಲೆಕ್ಕದಲ್ಲಿ, ಜಿದ್ದಾದಲ್ಲೇ ಇಳಿದು ಬಟ್ಟೆ ಬದಲಿಸಿದರಾಯಿತು ಎಂದುಕೊಂಡು ಅಣ್ಣನ ಇಹ್ರಾಮನ್ನು ದೊಡ್ಡ ಪೆಟ್ಟಿಗೆಯಲ್ಲಿಟ್ಟು ಲಗೇಜಿಗೆ ಹಾಕಿಬಿಟ್ಟಿದ್ದೆವು. ಇನ್ನು ಅರ್ಧ ಗಂಟೆಯಲ್ಲಿ ಮೀಕಾತ್ ಎಂದು ವಿಮಾನದಲ್ಲಿ ಘೋಷಣೆಯಾದಾಗ ಅಣ್ಣ ಪ್ಯಾಂಟು ಶರಟಿನಲ್ಲಿದ್ದರು. ಶೌಚಾಲಯದ ಮುಂದೆ ಆಗಲೇ ಸಾಲು. ಅಮ್ಮನಿಗೆ ಅಳುವೇ ಬಂತು. ಹಿಂದಿನ ಸೀಟಿನ ಹಿರಿಯರೊಬ್ಬರು ಕೈಚೀಲದಿಂದ ಇನ್ನೊಂದು ಜೊತೆ ಇಹ್ರಾಮ್ ತೆಗೆದು ಕೊಟ್ಟರು, ಸಾಲಿನಲ್ಲಿದ್ದವರು ಅಣ್ಣನನ್ನು ಮುಂದೆ ಬಿಟ್ಟರು. ಅವರು ಹೊರಬಂದು ನಿಯ್ಯತ್ ಮಾಡಿ ತಲ್ಬಿಯಾ ಹೇಳುವಷ್ಟರಲ್ಲಿ ಸೀಟ್ ಬೆಲ್ಟ್ ದೀಪ ಹತ್ತಿತು.

ಈಗ ನಮ್ಮ ಮನೆಯಿಂದ ಯಾರೇ ಹೊರಟರೂ ಬೆಂಗಳೂರಿನಲ್ಲೇ ಸ್ನಾನ ಮಾಡಿ ಇಹ್ರಾಮ್ ಉಟ್ಟೇ ವಿಮಾನ ಹತ್ತುತ್ತಾರೆ, ಘೋಷಣೆ ಕೇಳಿದೊಡನೆ ನಿಯ್ಯತ್ ಮಾಡುತ್ತಾರೆ. ಕೈಚೀಲದಲ್ಲಿ ಇನ್ನೊಂದು ಜೊತೆ ಇಹ್ರಾಮ್ ಇಡುವುದನ್ನು ಅಮ್ಮ ಇಂದಿಗೂ ಮರೆಯುವುದಿಲ್ಲ.